ಕೋರ್ ಕಾಯಬಾರದು: ಮೂರು ಕರ್ನಲ್‌ಗಳಿಗೆ ಒಂದು ಡ್ರೈವರ್ ಬರೆದ ಪ್ರಕರಣ

ಹಿನ್ನೆಲೆ

ಸಂಕೇತಗಳನ್ನು ಅಳೆದು ದಾಖಲಿಸುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ತಯಾರಿಸುವ ಒಂದು ಸಣ್ಣ ಸಂಸ್ಥೆಯ ಪ್ರಕರಣ ಇದು. ಇಂಥ ಕಾರ್ಡನ್ನು ಕಂಪ್ಯೂಟರಿನ ಓಎಸ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಜೊತೆ ಮಾತಾಡಿಸುವ ತಂತ್ರಾಂಶವೇ ಡ್ರೈವರ್. ಸಂಸ್ಥೆಯ ಹೆಸರು, ಕಾರ್ಡಿನ ಮಾದರಿ, ಗ್ರಾಹಕರ ವಿವರ ಎಲ್ಲವನ್ನೂ ಬಿಟ್ಟಿದ್ದೇನೆ. ಗುರುತು ಹಿಡಿಯಲು ಸಾಧ್ಯವಾಗುವ ಒಂದೆರಡು ಸಂಗತಿಗಳನ್ನು ಬದಲಿಸಿದ್ದೇನೆ. ತಾಂತ್ರಿಕ ನಿರ್ಧಾರಗಳು ಮತ್ತು ಅವುಗಳ ಪರಿಣಾಮ ಮಾತ್ರ ನಡೆದ ಹಾಗೆಯೇ ಇವೆ. ತಂಡದ ಕೋಡ್ ಪರಿಶೀಲಿಸಲು ಹೊರಗಿನಿಂದ ಬಂದು, ಕೆಲಸ ಮುಗಿಯುವವರೆಗೆ ಜೊತೆಗಿದ್ದವನು ನಾನು.

ಕಾರ್ಡ್ ಮಾಡುವ ಕೆಲಸ ಸರಳ. ಹಲವು ಚಾನಲ್‌ಗಳಿಂದ ಬರುವ ಸಂಕೇತವನ್ನು ಅಂಕಿಗಳಾಗಿಸಿ, ಡಿಎಂಎ ಮೂಲಕ, ಅಂದರೆ ಪ್ರೊಸೆಸರ್ ನಡುವೆ ಬಾರದೆ, ನೇರವಾಗಿ ಕಂಪ್ಯೂಟರಿನ ಮೆಮೊರಿಗೆ ಸುರಿಯುತ್ತದೆ. ಎಲ್ಲಿಗೆ ಸುರಿಯಬೇಕು ಎಂದು ಹೇಳಲು ಮೆಮೊರಿಯಲ್ಲೇ ಡಿಸ್ಕ್ರಿಪ್ಟರ್‌ಗಳ, ಅಂದರೆ ವಿಳಾಸ ಹೊತ್ತ ಚೀಟಿಗಳ, ಒಂದು ರಿಂಗ್ ಇದೆ. ಪ್ರತಿ ಡಿಸ್ಕ್ರಿಪ್ಟರ್ 16 ಬೈಟ್: 64 ಬಿಟ್ ವಿಳಾಸ, 32 ಬಿಟ್ ಉದ್ದ, 32 ಬಿಟ್ ಸ್ಥಿತಿ. ಸ್ಥಿತಿಯಲ್ಲಿ ಒಂದು ಬಿಟ್ ಒಡೆತನದ್ದು. ಅದು 1 ಇರುವಷ್ಟು ಹೊತ್ತು ಡಿಸ್ಕ್ರಿಪ್ಟರ್ ಕಾರ್ಡಿನದು. ಕಾರ್ಡ್ ಬ್ಲಾಕ್ ತುಂಬಿಸಿ, ಉದ್ದ ಬರೆದು, ಆ ಬಿಟ್ಟನ್ನು 0 ಮಾಡಿದ ಮೇಲೆ ಡ್ರೈವರ್‌ಗೆ ಸೇರುತ್ತದೆ. ನೆಟ್‌ವರ್ಕ್ ಕಾರ್ಡ್ ಡ್ರೈವರ್ ಬರೆದವರಿಗೆ ಇದರಲ್ಲಿ ಹೊಸದೇನೂ ಕಾಣಿಸದು.

ಇದಕ್ಕೆ ಲಿನಕ್ಸ್ ಡ್ರೈವರ್ ಒಂದಿತ್ತು. ವರ್ಷಗಳ ಕಾಲ ಬೆಳೆದು ಬಂದ, ಎಕ್ಸ್86 (ಸಾಮಾನ್ಯ ಪಿಸಿಗಳ ಪ್ರೊಸೆಸರ್ ಬಗೆ) ಯಂತ್ರಗಳಲ್ಲಿ ಮಾತ್ರ ಓಡುತ್ತಿದ್ದ, ಗ್ರಾಹಕರು ನಂಬಿದ ಡ್ರೈವರ್. ಆಮೇಲೆ ಒಂದರ ಹಿಂದೆ ಒಂದು ಬೇಡಿಕೆ ಬಂತು: ಒಬ್ಬರಿಗೆ ವಿಂಡೋಸ್ ಬೇಕು, ಇನ್ನೊಬ್ಬರಿಗೆ ಫ್ರೀಬಿಎಸ್‌ಡಿ ಎಂಬ ಓಎಸ್, ಮತ್ತೊಬ್ಬರಿಗೆ ಲಿನಕ್ಸೇ ಸರಿ, ಆದರೆ 64 ಬಿಟ್ ಆರ್ಮ್ ಪ್ರೊಸೆಸರ್ ಇರುವ ಚಿಕ್ಕ ಪೆಟ್ಟಿಗೆಯೊಳಗೆ. ಕೊನೆಯ ಬೇಡಿಕೆಯನ್ನು ಎಲ್ಲರೂ ಸುಲಭದ್ದೆಂದು ಬಗೆದರು. ಹೊಸ ಕಂಪೈಲರ್ ಹಾಕಿ ಬಿಲ್ಡ್ ಮಾಡಿದರೆ ಮುಗಿಯಿತು ಎಂಬ ಲೆಕ್ಕ.

ಯಾವ ದಾರಿ ಹಿಡಿಯಬೇಕು

ಮೂರು ಪ್ರತ್ಯೇಕ ಡ್ರೈವರ್ ಬರೆಯುವುದು ಮೊದಲ ಆಯ್ಕೆ. ಅದನ್ನು ಕೈಬಿಟ್ಟದ್ದಕ್ಕೆ ಗಟ್ಟಿ ಕಾರಣವಿತ್ತು. ಕಾರ್ಡಿನ ಚಿಪ್‌ನಲ್ಲಿ ಒಂದಷ್ಟು ದೋಷಗಳಿದ್ದವು. ಇಂತಿಂಥ ಆವೃತ್ತಿಯಲ್ಲಿ ಫೈಫೋ ಎಂಬ ಸರದಿ ಬಫರನ್ನು ಎರಡು ಸಲ ರೀಸೆಟ್ ಮಾಡಬೇಕು, ಇಂಥ ರಿಜಿಸ್ಟರನ್ನು (ಕಾರ್ಡಿನ ನಿಯಂತ್ರಣದ ಕೋಶ) ಬರೆಯುವ ಮೊದಲು ಒಮ್ಮೆ ಓದಬೇಕು, ಹೀಗೆ. ಇಂಥ ಜ್ಞಾನ ಮೂರು ಕಡೆ ಹರಡಿದರೆ ಒಂದು ಕಡೆ ತಿದ್ದಿದ್ದು ಇನ್ನೆರಡು ಕಡೆ ಉಳಿದುಹೋಗುತ್ತದೆ. ಡ್ರೈವರ್‌ನ ನಿಜವಾದ ಬೆಲೆ ಇರುವುದೇ ಈ ಜ್ಞಾನದಲ್ಲಿ ಎಂದು ನಾನು ನಂಬುತ್ತೇನೆ.

ಡ್ರೈವರನ್ನು ಯೂಸರ್ ಸ್ಪೇಸ್‌ಗೆ, ಅಂದರೆ ಕರ್ನಲ್‌ನ ಹೊರಕ್ಕೆ, ತರುವ ಯೋಚನೆಯೂ ಬಂತು. ಲಿನಕ್ಸ್‌ನಲ್ಲಿ ಇದಕ್ಕೆಂದೇ ಇರುವ ವಿಎಫ್‌ಐಒ ಸೌಲಭ್ಯ ಬಳಸಿ ಅದನ್ನು ಚೆನ್ನಾಗಿಯೇ ಮಾಡಬಹುದು. ಆದರೆ ವಿಂಡೋಸ್‌ನ ಯೂಸರ್ ಮೋಡ್ ಡ್ರೈವರ್ ಚೌಕಟ್ಟಾದ ಯುಎಂಡಿಎಫ್‌ನಲ್ಲಿ ಡಿಎಂಎಗೆ ಅವಕಾಶವಿಲ್ಲ. ಡಿಎಂಎ ಇಲ್ಲದೆ ಈ ಕಾರ್ಡೇ ಇಲ್ಲ. ಆ ಚರ್ಚೆ ಅಲ್ಲಿಗೇ ನಿಂತಿತು.

ಎಲ್ಲ ಓಎಸ್‌ಗಳಿಗೂ ಒಂದೇ ಡ್ರೈವರ್ ಎಂಬ ಕನಸು ಹಳೆಯದು. 1990ರ ದಶಕದಲ್ಲಿ ಹಲವು ಕಂಪನಿಗಳು ಸೇರಿ ಯೂನಿಫಾರ್ಮ್ ಡ್ರೈವರ್ ಇಂಟರ್‌ಫೇಸ್, ಅಂದರೆ ಯುಡಿಐ ಎಂಬ ವ್ಯವಸ್ಥೆ ರೂಪಿಸಿದವು. 1999ರಲ್ಲಿ ಅದರ 1.0 ನಿರ್ದಿಷ್ಟತೆಯೂ ಬಂತು. ಆದರೆ ಮುಖ್ಯ ಓಎಸ್‌ಗಳ ಒಳಗೆ ಅದು ಬೇರೂರಲಿಲ್ಲ. ಇನ್ನೊಂದು ಕಡೆ, ಯಂತ್ರದ ವಿದ್ಯುತ್ ಮತ್ತು ಸಾಧನಗಳ ಸಂರಚನೆ ನೋಡಿಕೊಳ್ಳಲು ಇಂಟೆಲ್ ಬರೆದ ಎಸಿಪಿಐಸಿಎ ಎಂಬ ಕೋಡ್ ಲಿನಕ್ಸ್, ಫ್ರೀಬಿಎಸ್‌ಡಿ ಎರಡರ ಒಳಗೂ ಇಂದಿಗೂ ಓಡುತ್ತಿದೆ. ಮೆಮೊರಿ, ಲಾಕ್, ಸಮಯ, ಮುದ್ರಣ ಮುಂತಾದವನ್ನು ಒದಗಿಸುವ ಒಂದು ತೆಳು ಪದರವನ್ನು ಪ್ರತಿ ಓಎಸ್ ತಾನೇ ಬರೆದುಕೊಳ್ಳುತ್ತದೆ. ಇಂಟೆಲ್‌ನ ಈಥರ್ನೆಟ್ ಡ್ರೈವರ್‌ಗಳಲ್ಲೂ ಹಂಚಿಕೆಯ ಕೋಡ್ ಒಂದಿದ್ದು, ‘ಓಎಸ್‌ಡೆಪ್’ ಹೆಸರಿನ ಹೆಡರ್ ಫೈಲ್ ಓಎಸ್‌ಗೆ ತಕ್ಕಂತೆ ಬದಲಾಗುತ್ತದೆ. ತಂಡ ಈ ಎರಡನೆಯ ಬಗೆಯನ್ನು ಆರಿಸಿಕೊಂಡಿತು. ಆಯ್ಕೆ ಸರಿಯಾಗಿತ್ತು. ಗೆರೆ ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆಯನ್ನು ಮಾತ್ರ ಆಗ ಯಾರೂ ಎತ್ತಲಿಲ್ಲ.

ಮೊದಲ ಪ್ರಯತ್ನ: ಹೆಸರಿಗೆ ಹೆಸರು

ಲಿನಕ್ಸ್ ಡ್ರೈವರ್ ಚೆನ್ನಾಗಿ ಓಡುತ್ತಿದ್ದುದರಿಂದ ಅದನ್ನೇ ಬುನಾದಿ ಮಾಡಿಕೊಂಡರು. ಲಿನಕ್ಸ್ ಫಂಕ್ಷನ್‌ಗಳ ಹೆಸರಿನಲ್ಲೇ ವಿಂಡೋಸ್‌ಗೆ ಒಂದು ಪದರ ಬರೆದರು. ಮೆಮೊರಿ ಕೇಳುವ ಕರೆಗೆ ಅಲ್ಲಿನ ಪೂಲ್ ಕರೆ, ಸ್ಪಿನ್‌ಲಾಕ್‌ಗೆ (ಸಿಗುವವರೆಗೆ ಸುತ್ತುತ್ತ ಕಾಯುವ ಲಾಕ್) ಅಲ್ಲಿನ ಸ್ಪಿನ್‌ಲಾಕ್, ಎಂಸ್ಲೀಪ್‌ಗೆ (ಇಷ್ಟು ಮಿಲಿಸೆಕೆಂಡ್ ಮಲಗು ಎಂಬ ಕರೆ) ಅಲ್ಲಿನ ಥ್ರೆಡ್ ವಿಳಂಬದ ಕರೆ, ಥ್ರೆಡೆಡ್ ಇಂಟರಪ್ಟ್ ಹ್ಯಾಂಡ್ಲರ್‌ಗೆ (ಸಾಧನ ಪ್ರೊಸೆಸರ್‌ನ ಗಮನ ಸೆಳೆದಾಗ ಓಡುವ ಕೋಡ್) ಅಲ್ಲಿನ ಡಿಪಿಸಿ, ಅಂದರೆ ಮುಂದೂಡಿದ ಕರೆ. ಬಿಲ್ಡ್ ಆಯಿತು, ಕಾರ್ಡ್ ಎದ್ದಿತು, ಸ್ಯಾಂಪಲ್‌ಗಳು ಬಂದವು. ಪ್ರದರ್ಶನವೂ ಸುಗಮವಾಗಿ ನಡೆಯಿತು.

ಆಮೇಲೆ ಡ್ರೈವರ್‌ಗಳ ತಪ್ಪು ಹಿಡಿಯುವ ವಿಂಡೋಸ್‌ನ ಡ್ರೈವರ್ ವೆರಿಫೈಯರ್ ಹಾಕಿ ಭಾರ ಹೇರಿದರು. ಯಂತ್ರ ನೀಲಿ ಪರದೆಗೆ ಬಿತ್ತು.

ಕಾರಣ ತಿಳಿಯಲು ಇಂಟರಪ್ಟ್ ಬಂದ ಮೇಲಿನ ಕೆಲಸ ಯಾವ ಓಎಸ್‌ನಲ್ಲಿ ಯಾವ ಸ್ಥಿತಿಯಲ್ಲಿ ನಡೆಯುತ್ತದೆ ಎಂದು ನೋಡಬೇಕು. ಲಿನಕ್ಸ್‌ನ ಥ್ರೆಡೆಡ್ ಹ್ಯಾಂಡ್ಲರ್ ನಿಜವಾಗಿಯೂ ಒಂದು ಥ್ರೆಡ್. ಅದು ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರಿಗೇ ಸಿಗುವ ಲಾಕ್) ಹಿಡಿಯಬಹುದು, ಸ್ಲೀಪ್ ಮಾಡಬಹುದು. ಫ್ರೀಬಿಎಸ್‌ಡಿಯಲ್ಲೂ ಇಂಟರಪ್ಟ್ ಥ್ರೆಡ್ ಇದೆ. ಅದು ಸಾಮಾನ್ಯ ಮ್ಯೂಟೆಕ್ಸ್ ಹಿಡಿಯಬಹುದು, ಆದರೆ ಸ್ಲೀಪ್ ಮಾಡುವ ಹಾಗಿಲ್ಲ. ವಿಂಡೋಸ್‌ನ ಡಿಪಿಸಿ ಥ್ರೆಡ್ಡೇ ಅಲ್ಲ. ಅದು ಐಆರ್‌ಕ್ಯೂಎಲ್ (ಇಂಟರಪ್ಟ್ ಆದ್ಯತೆಯ ಮಟ್ಟ) 2ರಲ್ಲಿ, ಅಂದರೆ ಡಿಸ್ಪ್ಯಾಚ್ ಮಟ್ಟದಲ್ಲಿ ಓಡುತ್ತದೆ. ಅಲ್ಲಿ ಕಾಯುವ ಯಾವ ಕರೆಯೂ ನಿಷಿದ್ಧ, ಪೇಜ್ ಆಗಿ ಡಿಸ್ಕ್‌ಗೆ ಹೋಗಬಹುದಾದ ಮೆಮೊರಿಯನ್ನು ಮುಟ್ಟುವುದೂ ನಿಷಿದ್ಧ. ಮೂರನ್ನೂ ಮಾತಿನಲ್ಲಿ ‘ಇಂಟರಪ್ಟ್‌ನ ಕೆಳ ಅರ್ಧ’ ಎಂದು ಒಂದೇ ಹೆಸರಿನಿಂದ ಕರೆಯುತ್ತಾರೆ. ನಿಯಮಗಳು ಮಾತ್ರ ಮೂರು ಬೇರೆ.

ಈ ಡ್ರೈವರ್‌ನಲ್ಲಿ ರಿಂಗ್ ತುಂಬಿ ಉಕ್ಕಿದಾಗ ಹ್ಯಾಂಡ್ಲರ್ ಒಳಗೇ ಚೇತರಿಕೆಯ ಕೆಲಸ ನಡೆಯುತ್ತಿತ್ತು: ಕಾರ್ಡನ್ನು ನಿಲ್ಲಿಸು, ಮರು ಕ್ಯಾಲಿಬ್ರೇಶನ್‌ಗೆ ಆಜ್ಞೆ ಕೊಡು, ಎರಡು ಮಿಲಿಸೆಕೆಂಡ್ ಸ್ಲೀಪ್ ಮಾಡು, ಮತ್ತೆ ಶುರು ಮಾಡು. ಲಿನಕ್ಸ್‌ನಲ್ಲಿ ಇದು ನ್ಯಾಯಸಮ್ಮತ. ವಿಂಡೋಸ್‌ನ ಡಿಪಿಸಿಯಲ್ಲಿ ಅದೇ ಸ್ಲೀಪ್ ಕರ್ನಲ್‌ನ ಮೂಲ ನಿಯಮವನ್ನೇ ಮುರಿಯುತ್ತದೆ. ರಿಂಗ್ ಉಕ್ಕುವುದು ಅಪರೂಪವಾದ್ದರಿಂದ ಪ್ರದರ್ಶನದಲ್ಲಿ ಇದು ಹೊರಬಂದಿರಲಿಲ್ಲ.

ಮುಂದಿನ ಎರಡು ತಿದ್ದುಪಡಿಗಳ ಕಥೆಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇಂಥ ಕೋಡ್ ಬರೆಯುವ ಹೆಚ್ಚಿನವರು ಇದೇ ಎರಡು ಬಾಗಿಲು ತಟ್ಟುತ್ತಾರೆ. ಮೊದಲನೆಯದಾಗಿ, ಸ್ಲೀಪ್ ಬದಲು ಪ್ರೊಸೆಸರನ್ನು ಸುಮ್ಮನೆ ಸುತ್ತಿಸುವ ಕರೆ ಹಾಕಿದರು. ನಿಯಮಭಂಗ ತಪ್ಪಿತು. ಆದರೆ ಒಂದು ಡಿಪಿಸಿ 100 ಮೈಕ್ರೋಸೆಕೆಂಡ್ ಮೀರಬಾರದು ಎಂಬುದು ಮೈಕ್ರೋಸಾಫ್ಟ್‌ನ ಸೂಚನೆ, ಇವರದು ಅದರ ಇಪ್ಪತ್ತು ಪಟ್ಟು ಹೊತ್ತು ಪ್ರೊಸೆಸರ್ ಹಿಡಿದು ಕೂರುತ್ತಿತ್ತು. ಒಂದರ ಹಿಂದೆ ಒಂದು ಉಕ್ಕು ಬಂದು ಡಿಪಿಸಿಗಳು ಸಾಲುಗಟ್ಟಿದಾಗ ಡಿಪಿಸಿಗಳ ಹೊತ್ತಿನ ಮೇಲೆ ಕಣ್ಣಿಡುವ ವಾಚ್‌ಡಾಗ್ ಎಚ್ಚೆತ್ತು, ಹೆಕ್ಸ್ ಸಂಖ್ಯೆ 133ರ ಬಗ್‌ಚೆಕ್‌ನೊಂದಿಗೆ (ನೀಲಿ ಪರದೆಯ ದೋಷ ಸಂಕೇತ) ಯಂತ್ರವನ್ನು ನಿಲ್ಲಿಸಿತು. ಎರಡನೆಯದಾಗಿ, ಇಡೀ ಕೆಳ ಅರ್ಧವನ್ನು ವರ್ಕ್ ಐಟಂ ಒಳಗೆ, ಅಂದರೆ ಸ್ಲೀಪ್ ಮಾಡಬಹುದಾದ ಥ್ರೆಡ್‌ಗೆ ಸಾಗಿಸಿದರು. ಕ್ರ್ಯಾಶ್ ನಿಂತಿತು. ಆದರೆ ರಿಂಗ್ ಖಾಲಿ ಮಾಡುವ ಕೆಲಸವೂ ಅದೇ ಥ್ರೆಡ್‌ಗೆ ಹೋದದ್ದರಿಂದ ತಡವಾಯಿತು. ತಡವಾದಂತೆ ರಿಂಗ್ ಇನ್ನಷ್ಟು ಉಕ್ಕಿತು, ಉಕ್ಕಿದಾಗೆಲ್ಲ ಚೇತರಿಕೆ ಓಡಿತು, ಚೇತರಿಕೆ ಓಡುವಾಗ ರಿಂಗ್ ಖಾಲಿಯಾಗಲಿಲ್ಲ. ಅಪರೂಪದ ಸ್ಥಿತಿಯಾಗಿದ್ದದ್ದು ದಿನನಿತ್ಯದ ಸ್ಥಿತಿಯಾಯಿತು.

ಇದೇ ಹೊತ್ತಿಗೆ ಲಾಕ್‌ಗಳ ವಿಷಯವೂ ಹೊರಬಿತ್ತು. ಲಿನಕ್ಸ್‌ನ ‘ಸ್ಪಿನ್ ಲಾಕ್ ಐಆರ್‌ಕ್ಯೂ ಸೇವ್’ ಆ ಪ್ರೊಸೆಸರ್‌ನಲ್ಲಿ ಇಂಟರಪ್ಟನ್ನೇ ಮುಚ್ಚುತ್ತದೆ. ಅದರ ಜಾಗದಲ್ಲಿ ಇಟ್ಟಿದ್ದ ವಿಂಡೋಸ್‌ನ ಸಾಮಾನ್ಯ ಸ್ಪಿನ್‌ಲಾಕ್ ಡಿಸ್ಪ್ಯಾಚ್ ಮಟ್ಟಕ್ಕೆ ಏರಿಸುತ್ತದೆ ಅಷ್ಟೇ. ಸಾಧನದ ಇಂಟರಪ್ಟ್ ಅದಕ್ಕಿಂತ ಮೇಲಿನ ಮಟ್ಟದ್ದು, ಆದ್ದರಿಂದ ಲಾಕ್ ಹಿಡಿದಿರುವಾಗಲೂ ಒಳನುಗ್ಗುತ್ತದೆ. ಇಂಟರಪ್ಟ್ ಹ್ಯಾಂಡ್ಲರ್ ಜೊತೆ ಹಂಚಿಕೊಂಡ ದತ್ತಾಂಶಕ್ಕೆ ಅಲ್ಲಿ ಇಂಟರಪ್ಟ್‌ನದೇ ಲಾಕ್ ಬೇಕು. ಎರಡಕ್ಕೂ ಒಂದೇ ಹೆಸರು ಕೊಟ್ಟಿದ್ದರಿಂದ ಕೋಡ್ ಓದಿದ ಯಾರಿಗೂ ಅದು ಕಾಣಲಿಲ್ಲ.

ತಿರುವು

ಆ ಹಂತದಲ್ಲಿ ತಂಡದ ಹಿರಿಯ ಎಂಜಿನಿಯರ್ ಹೊಸ ತಿದ್ದುಪಡಿ ಬರೆಯುವುದನ್ನು ನಿಲ್ಲಿಸಿದರು. ಡ್ರೈವರ್‌ನ ಎಲ್ಲ ಫಂಕ್ಷನ್‌ಗಳನ್ನೂ, ಯಾವುದು ಯಾವುದನ್ನು ಕರೆಯುತ್ತದೆ ಎಂಬುದನ್ನೂ ಬೋರ್ಡಿನ ಮೇಲೆ ಬರೆಸಿದರು. ಆಮೇಲೆ ತಾನಾಗಿ ಕಾಯುವ ಫಂಕ್ಷನ್‌ಗಳಿಗೆ, ಅವನ್ನು ಕರೆಯುವವಕ್ಕೆ, ಮತ್ತೆ ಅವನ್ನು ಕರೆಯುವವಕ್ಕೆ ಕೆಂಪು ಗುರುತು ಹಾಕಿಸಿದರು. ಬೋರ್ಡಿನ ಬಹುಪಾಲು ಕೆಂಪಾಯಿತು. ಆದರೆ ಬೇರುಗಳನ್ನು ಎಣಿಸಿದರೆ ನಿಜವಾಗಿ ಕಾಯುತ್ತಿದ್ದ ಜಾಗಗಳು ನಾಲ್ಕೇ: ರೀಸೆಟ್, ಕ್ಯಾಲಿಬ್ರೇಶನ್, ಫರ್ಮ್‌ವೇರ್ ಇಳಿಸುವುದು, ನಿಲ್ಲಿಸುವಾಗ ಬಾಕಿ ಡಿಎಂಎ ಮುಗಿಯುವವರೆಗೆ ತಡೆಯುವುದು. ಉಳಿದದ್ದೆಲ್ಲ ಡಿಸ್ಕ್ರಿಪ್ಟರ್ ಲೆಕ್ಕ, ರಿಜಿಸ್ಟರ್ ಬರೆಯುವ ಅನುಕ್ರಮ, ದೋಷ ಯಾವ ಬಗೆಯದೆಂದು ವಿಂಗಡಿಸುವ ಕೆಲಸ. ಇವು ಯಾವ ಓಎಸ್‌ನಲ್ಲಿ, ಯಾವ ಮಟ್ಟದಲ್ಲಿ ಓಡಿದರೂ ಒಂದೇ.

ಈ ಪ್ರಕರಣದ ಹೃದಯ ಇದು ಎಂದು ನನ್ನ ಅಭಿಪ್ರಾಯ. ಫಂಕ್ಷನ್‌ಗಳ ಹೆಸರು ಮೂರು ಓಎಸ್‌ಗಳಲ್ಲಿ ಬೇರೆ ಇರುವುದು ದೊಡ್ಡ ತೊಡಕಲ್ಲ, ಅದನ್ನು ಹೆಡರ್ ಫೈಲ್ ಒಂದರಲ್ಲಿ ಸರಿಮಾಡಬಹುದು. ಯಾರು ಎಲ್ಲಿ ಕಾಯಬಹುದು ಎಂಬ ನಿಯಮ ಬೇರೆ ಇರುವುದೇ ತೊಡಕು. ಕಾಯುವುದನ್ನು ಹಂಚಿಕೆಯ ಕೋಡ್ ಒಳಗೆ ಇಟ್ಟರೆ ಆ ನಿಯಮವೂ ಅದರ ಜೊತೆ ಒಳಗೆ ಬಂದುಬಿಡುತ್ತದೆ.

ಹೀಗಾಗಿ ತಂಡ ಹೊಸ ಒಪ್ಪಂದ ಬರೆಯಿತು. ಕೋರ್, ಅಂದರೆ ಹಂಚಿಕೆಯ ಭಾಗ, ಎಂದೂ ಕಾಯುವುದಿಲ್ಲ, ಲಾಕ್ ಹಿಡಿಯುವುದಿಲ್ಲ, ಮೆಮೊರಿ ಕೇಳುವುದಿಲ್ಲ, ಥ್ರೆಡ್ ಹುಟ್ಟಿಸುವುದಿಲ್ಲ. ಬೇಕಾದ ಮೆಮೊರಿಯೆಲ್ಲ ಆರಂಭದಲ್ಲೇ ಅದರ ಕೈಗೆ ಸಿಗುತ್ತದೆ. ಓಎಸ್ ಪದರದಿಂದ ಅದು ಕೇಳುವುದು ನಾಲ್ಕು ಸೇವೆ: ರಿಜಿಸ್ಟರ್ ಓದು, ರಿಜಿಸ್ಟರ್ ಬರೆ, ಡಿಎಂಎ ಸಿಂಕ್ ಮಾಡು, ಲಾಗ್ ಬರೆ. ಇಂಟರಪ್ಟ್ ಬಂದಾಗ, ಸಮಯ ಕಳೆದಾಗ, ಹೊಸ ಬಫರ್ ಸಿಕ್ಕಾಗ ಓಎಸ್ ಪದರವೇ ಕೋರನ್ನು ಕರೆಯುತ್ತದೆ. ಕೋರ್ ತಕ್ಷಣ ತನ್ನ ಕೆಲಸ ಮುಗಿಸಿ ಹಿಂತಿರುಗುತ್ತದೆ.

ಕ್ಯಾಲಿಬ್ರೇಶನ್ ಇದರಲ್ಲಿ ಹೇಗಾಯಿತು ನೋಡಿ. ಮೊದಲ ಹೆಜ್ಜೆಯಲ್ಲಿ ಕೋರ್ ಆಜ್ಞೆಯ ರಿಜಿಸ್ಟರ್ ಬರೆಯುತ್ತದೆ, ಕೂಡಲೇ ಅದೇ ಸಾಧನದ ಒಂದು ರಿಜಿಸ್ಟರ್ ಓದುತ್ತದೆ. ಪಿಸಿಐ ಬಸ್‌ನಲ್ಲಿ ಮೆಮೊರಿ ಬರವಣಿಗೆ ದಾರಿಯಲ್ಲೇ ನಿಂತಿರಬಹುದು, ಓದಿದರೆ ಮಾತ್ರ ಅದು ಸಾಧನಕ್ಕೆ ತಲುಪಿದೆ ಎಂಬ ಖಾತರಿ. ಓದದೆ ಸಮಯ ಎಣಿಸತೊಡಗಿದರೆ ಗಡಿಯಾರ ಆಜ್ಞೆಗಿಂತ ಮೊದಲೇ ಓಡತೊಡಗುತ್ತದೆ. ಆಮೇಲೆ ಕೋರ್ ‘ಕನಿಷ್ಠ 2000 ಮೈಕ್ರೋಸೆಕೆಂಡ್ ಆದ ಮೇಲೆ ನನ್ನನ್ನು ಮತ್ತೆ ಕರೆ’ ಎಂಬ ಉತ್ತರ ಕೊಟ್ಟು ಹಿಂತಿರುಗುತ್ತದೆ. ಎರಡನೆಯ ಹೆಜ್ಜೆಯಲ್ಲಿ ಸ್ಥಿತಿ ಓದಿ, ಮುಗಿದಿದ್ದರೆ ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಇನ್ನಷ್ಟು ಸಮಯ ಕೇಳುತ್ತದೆ, ಗಡುವು ಮೀರಿದ್ದರೆ ಸೋಲು ಎಂದು ಹೇಳುತ್ತದೆ. ಲಿನಕ್ಸ್ ಪದರ ಈ ಉತ್ತರವನ್ನು ಡಿಲೇಡ್ ವರ್ಕ್ ಆಗಿಸುತ್ತದೆ, ಫ್ರೀಬಿಎಸ್‌ಡಿ ಕಾಲ್‌ಔಟ್ ಆಗಿಸುತ್ತದೆ, ವಿಂಡೋಸ್ ಟೈಮರ್ ಆಗಿಸುತ್ತದೆ. ವಿಂಡೋಸ್‌ನಲ್ಲಿ ಸಮಯದ ಘಟಕ 100 ನ್ಯಾನೋಸೆಕೆಂಡ್, ‘ಈಗಿನಿಂದ ಇಷ್ಟು’ ಎನ್ನಲು ಋಣ ಸಂಖ್ಯೆ ಕೊಡಬೇಕು, ಆದ್ದರಿಂದ ಆ 2000 ಅಲ್ಲಿ −20,000 ಆಗುತ್ತದೆ. ಲಿನಕ್ಸ್‌ನಲ್ಲಿ ಟಿಕ್ ದರ ಸೆಕೆಂಡಿಗೆ 250 ಇರುವ ಕರ್ನಲ್‌ನಲ್ಲಿ ಒಂದು ಜಿಫಿ, ಅಂದರೆ ಒಂದು ಟಿಕ್, 4 ಮಿಲಿಸೆಕೆಂಡ್, ಎರಡು ಮಿಲಿಸೆಕೆಂಡ್ ಕೇಳಿದರೂ ಅದಕ್ಕಿಂತ ತಡವಾಗಿಯೇ ಕರೆ ಬರುತ್ತದೆ. ಒಪ್ಪಂದದಲ್ಲಿ ‘ಕನಿಷ್ಠ’ ಎಂಬ ಪದ ಇರುವುದು ಅದಕ್ಕೇ.

ಆಕ್ಷೇಪಗಳೂ ಬಂದವು. ಲಾಕ್ ಇಲ್ಲದ ಕೋರ್ ಸುರಕ್ಷಿತವೇ ಎಂದು ಒಬ್ಬರು ಕೇಳಿದರು. ಒಂದು ರಿಂಗ್‌ಗೆ ಸಂಬಂಧಿಸಿದ ಎರಡು ಕರೆ ಏಕಕಾಲಕ್ಕೆ ಬಾರದಂತೆ ನೋಡಿಕೊಳ್ಳುವುದು ಓಎಸ್ ಪದರದ ಹೊಣೆ ಎಂದು ಒಪ್ಪಂದದಲ್ಲಿ ಬರೆದು, ಡೀಬಗ್ ಬಿಲ್ಡ್‌ನಲ್ಲಿ ಅದನ್ನು ಪರೀಕ್ಷಿಸುವ ಒಂದು ಗುರುತನ್ನೂ ಸೇರಿಸಿದರು. ಎರಡನೆಯ ಆಕ್ಷೇಪಕ್ಕೆ ಪೂರ್ತಿ ಉತ್ತರ ಸಿಗಲಿಲ್ಲ: ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋಗಬಹುದಾಗಿದ್ದ ಫಂಕ್ಷನ್ ಈಗ ಹೆಜ್ಜೆಗಳಾಗಿ ಒಡೆದು ಓದಲು ಕಷ್ಟವಾಯಿತು. ಇದು ನಿಜವಾದ ನಷ್ಟ. ಪ್ರತಿ ಹೆಜ್ಜೆಯ ಮೇಲೂ ಹಾರ್ಡ್‌ವೇರ್ ಕೈಪಿಡಿಯ ಆಯಾ ಭಾಗದ ಸಂಖ್ಯೆ ಬರೆದು ತಂಡ ಸ್ವಲ್ಪ ಮಟ್ಟಿಗೆ ಅದನ್ನು ತುಂಬಿಕೊಂಡಿತು. ನಾಲ್ಕೇ ಜಾಗಗಳಲ್ಲಿ ತೆರಬೇಕಾದ ಬೆಲೆಯಾದ್ದರಿಂದ ನಾನು ಅದನ್ನು ಒಪ್ಪಿದೆ. ಯುಡಿಐ ರೂಪಿಸಿದವರೂ ಡ್ರೈವರ್ ಎಲ್ಲೂ ತಡೆದು ನಿಲ್ಲಬಾರದು ಎಂಬ ಮಾದರಿಯನ್ನೇ ಆರಿಸಿದ್ದರು. ಆ ವ್ಯವಸ್ಥೆ ಉಳಿಯದಿದ್ದರೂ ಆ ಒಂದು ತೀರ್ಮಾನದಲ್ಲಿ ಅವರು ಸರಿಯಾಗಿದ್ದರು. ಎಸಿಪಿಐಸಿಎ ಕಾಯುತ್ತದೆಯಲ್ಲ ಎಂದು ಯಾರಾದರೂ ಕೇಳಬಹುದು. ಕಾಯುತ್ತದೆ, ಆದರೆ ಅದರ ಮುಖ್ಯ ಕೆಲಸ ನಡೆಯುವುದು ಸ್ಲೀಪ್ ಮಾಡಬಹುದಾದ ಸ್ಥಿತಿಯಲ್ಲಿ. ಇಂಟರಪ್ಟ್ ಒಳಗೆ ರಿಂಗ್ ನೋಡಿಕೊಳ್ಳಬೇಕಾದ ಡ್ರೈವರ್‌ಗೆ ಆ ಅನುಕೂಲ ಇಲ್ಲ.

ದೋಷ ಸಂಖ್ಯೆಗಳ ಒಂದು ಸಣ್ಣ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲಿನಕ್ಸ್ ಕರ್ನಲ್ ಒಳಗೆ ದೋಷವನ್ನು ಋಣ ಸಂಖ್ಯೆಯಾಗಿ ಹಿಂತಿರುಗಿಸುತ್ತಾರೆ, ಫ್ರೀಬಿಎಸ್‌ಡಿಯಲ್ಲಿ ಧನ ಸಂಖ್ಯೆಯಾಗಿ. ವಿಂಡೋಸ್‌ನಲ್ಲಿ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿನದೆಲ್ಲ ಯಶಸ್ಸು. ಫ್ರೀಬಿಎಸ್‌ಡಿ ಶೈಲಿಯ 5 ಒಂದು ಕಡೆ ಹಾಗೇ ನುಸುಳಿ ವಿಂಡೋಸ್ ಪದರಕ್ಕೆ ತಲುಪಿದಾಗ, ಸೋತ ರೀಸೆಟ್ ಯಶಸ್ವಿ ಎಂದು ದಾಖಲಾಗಿತ್ತು. ಅಂದಿನಿಂದ ಕೋರ್ ತನ್ನದೇ ಫಲಿತಾಂಶದ ಪಟ್ಟಿ ಇಟ್ಟುಕೊಂಡಿದೆ, ಪ್ರತಿ ಪದರ ಅದನ್ನು ತನ್ನ ರೂಢಿಗೆ ತಿರುಗಿಸಿಕೊಳ್ಳುತ್ತದೆ.

ಆರ್ಮ್ ಪೆಟ್ಟಿಗೆ

ಸುಲಭವೆಂದು ಬಗೆದ ಬೇಡಿಕೆ ಎಲ್ಲಕ್ಕಿಂತ ಹೆಚ್ಚು ಸತಾಯಿಸಿತು. ಕ್ರ್ಯಾಶ್ ಇಲ್ಲ, ಎಚ್ಚರಿಕೆ ಇಲ್ಲ, ಯಾವಾಗಲೋ ಒಮ್ಮೆ ತಪ್ಪು ಸ್ಯಾಂಪಲ್ ಮಾತ್ರ. ಅಳತೆಯ ಉಪಕರಣಕ್ಕೆ ಇದಕ್ಕಿಂತ ಕೆಟ್ಟದ್ದಿಲ್ಲ. ಕ್ರ್ಯಾಶ್ ಆದರೆ ಗ್ರಾಹಕರಿಗೆ ಗೊತ್ತಾಗುತ್ತದೆ, ತಪ್ಪು ಅಂಕಿಯನ್ನು ಅವರು ನಂಬಿಬಿಡುತ್ತಾರೆ.

ಕಾರ್ಡಿನಲ್ಲಿ ಒಂದು ಪರೀಕ್ಷಾ ವಿಧಾನ ಇತ್ತು: ನಿಜವಾದ ಸಂಕೇತದ ಬದಲು ಒಂದೊಂದೇ ಏರುವ ಎಣಿಕೆಯನ್ನು ಕಳಿಸುವುದು. ಅದನ್ನು ಹಚ್ಚಿ, ಏರಿಕೆ ಎಲ್ಲಿ ತಪ್ಪುತ್ತದೆಂದು ದಾಖಲಿಸಿದರು. ಆಗ ಬೆರೆತುಹೋಗಿದ್ದ ಎರಡು ದೋಷ ಬೇರೆ ಬೇರೆಯಾಗಿ ಕಂಡವು.

ಒಂದು ಬಗೆಯಲ್ಲಿ ಬ್ಲಾಕಿನ ನಡುವೆ ಹಿಂದಿನ ಸುತ್ತಿನ ಎಣಿಕೆ ಕಾಣಿಸುತ್ತಿತ್ತು. ಆ ಹಳೆಯ ತುಣುಕು ಯಾವಾಗಲೂ 64 ಬೈಟ್ ಗಡಿಯಲ್ಲಿ ಶುರುವಾಗಿ 64 ಬೈಟ್ ಗಡಿಯಲ್ಲೇ ಮುಗಿಯುತ್ತಿತ್ತು. ಅದು ಆ ಪ್ರೊಸೆಸರ್‌ನ ಕ್ಯಾಶ್ (ಒಳಗಿನ ವೇಗದ ಮೆಮೊರಿ) ಲೈನ್‌ನ ಅಳತೆ. ಹೊಸ ದತ್ತಾಂಶ ಮೆಮೊರಿಗೆ ಬಂದಿದೆ, ಪ್ರೊಸೆಸರ್ ತನ್ನ ಕ್ಯಾಶ್‌ನಲ್ಲಿ ಉಳಿದಿದ್ದ ಹಳೆಯದನ್ನು ಓದುತ್ತಿದೆ. ಎಕ್ಸ್86 ಯಂತ್ರಗಳಲ್ಲಿ ಪಿಸಿಐ ಸಾಧನದ ಬರವಣಿಗೆಯನ್ನು ಹಾರ್ಡ್‌ವೇರೇ ಕ್ಯಾಶ್‌ನೊಂದಿಗೆ ಹೊಂದಿಸುತ್ತದೆ. ಈ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ. ಓದುವ ಮೊದಲು ‘ಈ ಬಫರ್ ಈಗ ಪ್ರೊಸೆಸರ್‌ಗೆ’ ಎಂದು ಕರ್ನಲ್‌ಗೆ ತಿಳಿಸುವ ಸಿಂಕ್ ಕರೆ ಬೇಕಿತ್ತು. ಮೂಲ ಲಿನಕ್ಸ್ ಡ್ರೈವರ್‌ನಲ್ಲಿ ಆ ಕರೆ ಎಂದೂ ಇರಲಿಲ್ಲ. ಅದಿಲ್ಲದೆಯೂ ವರ್ಷಗಟ್ಟಲೆ ಎಲ್ಲ ಸರಿಯಾಗಿ ಓಡಿತ್ತು.

ಇನ್ನೊಂದು ಬಗೆಯಲ್ಲಿ ದತ್ತಾಂಶ ಸರಿ, ಬ್ಲಾಕಿನ ಉದ್ದ ತಪ್ಪು. ಟ್ರಿಗರ್‌ಗೆ ತಕ್ಕಂತೆ ಈ ಕಾರ್ಡಿನ ಬ್ಲಾಕ್ ಉದ್ದ ಬದಲಾಗುತ್ತದೆ. ಕೋಡ್ ಮೊದಲು ಸ್ಥಿತಿ ಓದಿ, ಒಡೆತನದ ಬಿಟ್ 0 ಎಂದು ಖಚಿತಪಡಿಸಿಕೊಂಡು, ಆಮೇಲೆ ಉದ್ದ ಓದುತ್ತಿತ್ತು. ಎರಡೂ ‘ವೊಲಟೈಲ್’ ಎಂದು ಘೋಷಿಸಿದ್ದವು. ವೊಲಟೈಲ್ ಕಂಪೈಲರನ್ನು ಕಟ್ಟಿಹಾಕುತ್ತದೆ, ಪ್ರೊಸೆಸರನ್ನು ಅಲ್ಲ. ಎಕ್ಸ್86 ಪ್ರೊಸೆಸರ್ ಎರಡು ಓದುಗಳ ಕ್ರಮವನ್ನು ಕಾಯ್ದುಕೊಳ್ಳುತ್ತದೆ. ಆರ್ಮ್‌ಗೆ ಆ ಕಟ್ಟುಪಾಡಿಲ್ಲ, ಉದ್ದವನ್ನು ಮೊದಲೇ ಓದಿಟ್ಟುಕೊಂಡಿರಬಹುದು. ಸ್ಥಿತಿ ಹೊಸದು, ಉದ್ದ ಹಳೆಯದು. ಎರಡರ ನಡುವೆ ಓದಿನ ಬ್ಯಾರಿಯರ್, ಅಂದರೆ ಓದುಗಳ ಕ್ರಮ ತಪ್ಪದಂತೆ ತಡೆಯುವ ಆಜ್ಞೆ, ಬೇಕು. ಅದೇ ರೀತಿ ಡಿಸ್ಕ್ರಿಪ್ಟರನ್ನು ಕಾರ್ಡಿಗೆ ಒಪ್ಪಿಸುವಾಗ ವಿಳಾಸ, ಉದ್ದ ಬರೆದ ಮೇಲೆ, ಒಡೆತನದ ಬಿಟ್ ಬರೆಯುವ ಮೊದಲು ಬರವಣಿಗೆಯ ಬ್ಯಾರಿಯರ್ ಬೇಕು.

ಇಲ್ಲಿ ತಂಡ ಕೈಗೊಂಡ ನಿರ್ಧಾರ ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು. ಬ್ಯಾರಿಯರ್, ಸಿಂಕ್ ಇವನ್ನು ಲಿನಕ್ಸ್‌ನ ಆರ್ಮ್ ಬಿಲ್ಡ್‌ಗೆ ಮಾತ್ರ ಸೇರಿಸಿ ಮುಂದೆ ಹೋಗಬಹುದಿತ್ತು. ಬದಲಿಗೆ, ಮೂರು ಓಎಸ್‌ಗಳಲ್ಲಿ ಯಾವುದರ ಡಿಎಂಎ ನಿಯಮ ಎಲ್ಲಕ್ಕಿಂತ ಬಿಗಿ ಎಂದು ಹುಡುಕಿದರು. ಫ್ರೀಬಿಎಸ್‌ಡಿಯ ಬಸ್‌ಡಿಎಂಎ ನಾಲ್ಕು ಕ್ಷಣಗಳನ್ನು ಸ್ಪಷ್ಟವಾಗಿ ಹೆಸರಿಸುತ್ತದೆ: ಸಾಧನ ಬರೆಯುವ ಮೊದಲು, ಬರೆದ ನಂತರ, ಸಾಧನ ಓದುವ ಮೊದಲು, ಓದಿದ ನಂತರ. ಅದನ್ನೇ ಕೋರ್‌ನ ಒಪ್ಪಂದವಾಗಿಸಿದರು. ಸಡಿಲ ವ್ಯವಸ್ಥೆಯಲ್ಲಿ ಆ ಕರೆ ಬಹುತೇಕ ಖಾಲಿ ಫಂಕ್ಷನ್ ಆಗಿ ಉಳಿಯುತ್ತದೆ, ಬಿಗಿ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತದೆ. ಉಲ್ಟಾ ಹೋದರೆ, ಅಂದರೆ ಸಡಿಲ ನಿಯಮದ ಮೇಲೆ ಕೋರ್ ಕಟ್ಟಿದರೆ, ಬಿಗಿ ವ್ಯವಸ್ಥೆಗೆ ಬೇಕಾದ ಮಾಹಿತಿ ಕೋಡ್‌ನಲ್ಲಿ ಎಲ್ಲೂ ಇರುವುದಿಲ್ಲ. ಹೊಸ ಕೆಲಸ ಬಂದಿದೆ ಎಂದು ಕಾರ್ಡಿಗೆ ತಿಳಿಸುವ ಡೋರ್‌ಬೆಲ್ ರಿಜಿಸ್ಟರ್ ಬರೆಯುವಲ್ಲೂ ಇದೇ ಮಾತು. ಲಿನಕ್ಸ್‌ನ ‘ರೈಟ್‌ಎಲ್’ ತನ್ನೊಳಗೇ ಬ್ಯಾರಿಯರ್ ಇಟ್ಟುಕೊಂಡಿದೆ, ಹೀಗಾಗಿ ಲಿನಕ್ಸ್ ಮಾತ್ರ ಬಲ್ಲವರಿಗೆ ಅಲ್ಲೊಂದು ಬ್ಯಾರಿಯರ್ ಇದೆಯೆಂಬುದೇ ಮರೆತಿರುತ್ತದೆ. ಫ್ರೀಬಿಎಸ್‌ಡಿಯಲ್ಲಿ ಸಿಂಕ್ ಕರೆಯನ್ನು ಡ್ರೈವರೇ ಮಾಡಬೇಕು.

ಪರೀಕ್ಷೆ

ಆರ್ಮ್ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಒಮ್ಮೆ ಸಿಗುವ ದೋಷವನ್ನು ದಿನವೂ ಹುಡುಕುತ್ತ ಕೂರುವುದು ಆಗದ ಮಾತು. ಬಿಟ್ಟುಹೋದ ಸಿಂಕ್ ಕರೆಯನ್ನು ಮಾಮೂಲಿ ಎಕ್ಸ್86 ಯಂತ್ರದಲ್ಲೇ ಹಿಡಿಯಲು ಒಂದು ಉಪಾಯವಿದೆ, ಅದು ಇನ್ನಷ್ಟು ಜನರಿಗೆ ತಿಳಿದಿರಬೇಕಿತ್ತು ಎನ್ನಿಸುತ್ತದೆ. ಲಿನಕ್ಸ್ ಕರ್ನಲನ್ನು ‘ಎಸ್‌ಡಬ್ಲ್ಯುಐಒಟಿಎಲ್‌ಬಿ ಫೋರ್ಸ್’ ಆಯ್ಕೆಯೊಂದಿಗೆ ಬೂಟ್ ಮಾಡಿದರೆ ಎಲ್ಲ ಡಿಎಂಎಯೂ ನಡುವಿನ ಬೌನ್ಸ್ ಬಫರ್ ಮೂಲಕ ಹಾದುಹೋಗುತ್ತದೆ. ಸಾಧನ ಬರೆಯುವುದು ಬೌನ್ಸ್ ಬಫರ್‌ಗೆ, ಅಲ್ಲಿಂದ ನಿಮ್ಮ ಬಫರ್‌ಗೆ ನಕಲಾಗುವುದು ಸಿಂಕ್ ಅಥವಾ ಅನ್‌ಮ್ಯಾಪ್ ಕರೆ ಬಂದಾಗ ಮಾತ್ರ. ಸಿಂಕ್ ಮರೆತಿದ್ದರೆ ಅಪರೂಪಕ್ಕೊಮ್ಮೆ ಬರುತ್ತಿದ್ದ ದೋಷ ಪ್ರತಿ ಬ್ಲಾಕಿನಲ್ಲೂ ಬರುತ್ತದೆ. ವಿಂಡೋಸ್‌ನ ಡ್ರೈವರ್ ವೆರಿಫೈಯರ್‌ನಲ್ಲಿ ಡಿಎಂಎ ಪರಿಶೀಲನೆಯ ಆಯ್ಕೆ ಇದೇ ರೀತಿ ಎರಡು ಬಫರ್ ಬಳಸುತ್ತದೆ. ಫ್ರೀಬಿಎಸ್‌ಡಿಯಲ್ಲಿ ಡಿಎಂಎ ಟ್ಯಾಗ್‌ಗೆ ಬೇಕೆಂದೇ ಕೆಳಗಿನ ವಿಳಾಸಮಿತಿ ಕೊಟ್ಟರೆ ಬೌನ್ಸ್ ಪುಟಗಳು ಬಳಕೆಗೆ ಬರುತ್ತವೆ. ತಂಡ ಮೂರನ್ನೂ ದೈನಂದಿನ ಪರೀಕ್ಷೆಗೆ ಸೇರಿಸಿತು. ಬ್ಯಾರಿಯರ್ ಮರೆತದ್ದನ್ನು ಮಾತ್ರ ಇದು ಹಿಡಿಯುವುದಿಲ್ಲ, ಅದಕ್ಕೆ ಆರ್ಮ್ ಯಂತ್ರವೇ ಬೇಕು.

ಕೋರ್ ಆ ನಾಲ್ಕು ಸೇವೆ ಬಿಟ್ಟು ಬೇರಾವ ಓಎಸ್ ಸೇವೆಯನ್ನೂ ಅವಲಂಬಿಸದ ಕಾರಣ ಅದನ್ನು ಸಾಮಾನ್ಯ ಪ್ರೋಗ್ರಾಮ್ ಆಗಿ ಬಿಲ್ಡ್ ಮಾಡಿ, ನಕಲಿ ಕಾರ್ಡಿನ ಜೊತೆ ಓಡಿಸುವುದೂ ಸಾಧ್ಯವಾಯಿತು. ಅಲ್ಲಿ ಮೊದಲ ದಿನವೇ ಸಿಕ್ಕ ದೋಷ ಒಂದಿದೆ. ಓಡುತ್ತಿರುವಾಗಲೇ ಪಿಸಿಐ ಸಾಧನವನ್ನು ಕಿತ್ತರೆ ಅದರ ರಿಜಿಸ್ಟರ್ ಓದಿದಾಗ 32 ಬಿಟ್‌ಗಳೂ 1 ಎಂದು ಬರುತ್ತವೆ. ‘ಬ್ಯುಸಿ’ ಬಿಟ್ 0 ಆಗುವವರೆಗೆ ಸುತ್ತುವ ಲೂಪ್ ಎಂದೆಂದಿಗೂ ಮುಗಿಯದು, ಇಂಟರಪ್ಟ್ ಕಾರಣದ ರಿಜಿಸ್ಟರ್‌ನಲ್ಲಿ ಎಲ್ಲ ಕಾರಣಗಳೂ ಒಟ್ಟಿಗೆ ಬಂದಂತೆ ಕಾಣುತ್ತದೆ. ಈಗ ಕೋರ್ ಪ್ರತಿ ಇಂಟರಪ್ಟ್‌ನಲ್ಲೂ ಮೊದಲು ಈ ಬೆಲೆಯನ್ನೇ ಪರಿಶೀಲಿಸಿ, ಹಾಗೆ ಬಂದರೆ ‘ಸಾಧನ ಹೋಯಿತು’ ಎಂದು ಹಿಂತಿರುಗುತ್ತದೆ.

ಮೇನ್‌ಲೈನ್ ಪ್ರಶ್ನೆ

ತಂಡದಲ್ಲಿ ಅತಿ ಹೆಚ್ಚು ವಾದ ಎಬ್ಬಿಸಿದ್ದು ಲಿನಕ್ಸ್ ಡ್ರೈವರನ್ನು ಮೇನ್‌ಲೈನ್‌ಗೆ, ಅಂದರೆ ಲಿನಕ್ಸ್‌ನ ಅಧಿಕೃತ ಕರ್ನಲ್ ಕೋಡ್‌ಗೆ, ಕಳಿಸಬೇಕೇ ಎಂಬ ಪ್ರಶ್ನೆ. ಕರ್ನಲ್ ಒಳಗಿನ ಇಂಟರ್‌ಫೇಸ್‌ಗಳು ಸ್ಥಿರವಲ್ಲ, ಸ್ಥಿರವಾಗಿ ಇಡುವ ಉದ್ದೇಶವೂ ಇಲ್ಲ ಎಂದು ಕರ್ನಲ್ ದಸ್ತಾವೇಜೇ ಹೇಳುತ್ತದೆ. ಹೊರಗಿದ್ದರೆ ಹೊಸ ಆವೃತ್ತಿ ಬಂದಾಗೆಲ್ಲ ಹಿಂದೆ ಓಡಬೇಕು. ಒಳಗೆ ಹೋಗಬೇಕೆಂದರೆ ಓಎಸ್ ಪದರಗಳನ್ನು ಅಲ್ಲಿನ ನಿರ್ವಾಹಕರು ಒಪ್ಪುವುದಿಲ್ಲ. ಎಎಮ್‌ಡಿ ತನ್ನ ಡಿಸ್‌ಪ್ಲೇ ಕೋಡ್ ಅನ್ನು ಓಎಸ್‌ಗಳ ನಡುವೆ ಹಂಚಿಕೊಳ್ಳುವ ರೂಪದಲ್ಲಿ ತಂದಾಗ, 2016ರ ಡಿಸೆಂಬರ್‌ನಲ್ಲಿ ಗ್ರಾಫಿಕ್ಸ್ ವಿಭಾಗದ ನಿರ್ವಾಹಕ ಡೇವ್ ಏರ್ಲಿ ಅಂಥ ಪದರವಿರುವ ಕೋಡ್ ತೆಗೆದುಕೊಳ್ಳುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಬಹಳಷ್ಟು ತಿದ್ದುಪಡಿಯ ನಂತರ ಆ ಕೋಡ್ 4.15ನೇ ಆವೃತ್ತಿಯಲ್ಲಿ ಒಳಬಂತು.

ತಂಡ ಹೊರಗೇ ಉಳಿಯಲು ತೀರ್ಮಾನಿಸಿತು. ಕೋರ್ ಈಗ ಕೇಳುವುದು ನಾಲ್ಕೇ ಸೇವೆ, ಅವನ್ನು ನೇರವಾಗಿ ಲಿನಕ್ಸ್ ಕರೆಗಳಾಗಿ ಬಿಡಿಸಿದ ಒಂದು ಆವೃತ್ತಿಯನ್ನು ಉಪಕರಣದಿಂದಲೇ ತಯಾರಿಸಿ ಕಳಿಸಬಹುದು ಎಂದು ನಾನು ವಾದಿಸಿದ್ದೆ, ಇಂದೂ ಹಾಗೇ ಅನ್ನಿಸುತ್ತದೆ. ವಿಮರ್ಶೆಯ ಸುತ್ತುಗಳಿಗೆ ಕೊಡಲು ಅವರ ಹತ್ತಿರ ಜನ ಇರಲಿಲ್ಲ, ಆ ಕಾರಣವನ್ನೂ ತಳ್ಳಿಹಾಕುವಂತಿಲ್ಲ.

ಫಲಿತಾಂಶ, ಉಳಿದದ್ದು

ವಿಂಡೋಸ್ ಡ್ರೈವರ್ ವೆರಿಫೈಯರ್ ಅಡಿಯಲ್ಲಿ ಭಾರ ಹೊತ್ತು ನಿಂತಿತು. ವಿಂಡೋಸ್ 10ರ 1607 ಆವೃತ್ತಿಯಿಂದ ಹೊಸ ಕರ್ನಲ್ ಡ್ರೈವರ್‌ಗಳಿಗೆ ಮೈಕ್ರೋಸಾಫ್ಟ್ ಸಹಿ ಬೇಕಾದ್ದರಿಂದ ಆ ಪ್ರಕ್ರಿಯೆಯೂ ನಡೆಯಿತು. ಕೊನೆಗೆ ಬರೆದ ಫ್ರೀಬಿಎಸ್‌ಡಿ ಪದರ ಮೂರರಲ್ಲಿ ಅತಿ ಚಿಕ್ಕದಾಯಿತು. ಒಪ್ಪಂದವೇ ಅದರ ನಿಯಮದ ಮೇಲೆ ನಿಂತಿದ್ದರಿಂದ ಇದು ನಿರೀಕ್ಷಿತ. ಬಳಕೆಯ ಪ್ರೋಗ್ರಾಮ್‌ಗಳ ಜೊತೆಗಿನ ರಚನೆಗಳಲ್ಲಿ ‘ಲಾಂಗ್’ ಇದ್ದ ಕಡೆಯೆಲ್ಲ ನಿಗದಿತ ಅಳತೆಯ ವಿಧಗಳನ್ನು ಹಾಕಿದರು, ಏಕೆಂದರೆ 64 ಬಿಟ್ ಲಿನಕ್ಸ್‌ನಲ್ಲಿ ಅದು 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4.

ಕೆಲವನ್ನು ಹಂಚಿಕೊಳ್ಳುವ ಪ್ರಯತ್ನವನ್ನೇ ತಂಡ ಕೈಬಿಟ್ಟಿತು. ಫರ್ಮ್‌ವೇರ್ ಫೈಲ್ ಹುಡುಕಿ ತರುವ ಕೆಲಸ ಪೂರ್ತಿ ಓಎಸ್ ಪದರದ್ದು, ಕೋರ್ ಬೈಟ್‌ಗಳನ್ನು ತುಂಡುತುಂಡಾಗಿ ಮಾತ್ರ ಪಡೆಯುತ್ತದೆ. ಸಸ್ಪೆಂಡ್, ರಿಸ್ಯೂಮ್ ಕೂಡ ಹಾಗೆಯೇ. ಮೂರು ಓಎಸ್‌ಗಳೂ ಸಾಧನವನ್ನು ಮಲಗಿಸುವ, ಎಬ್ಬಿಸುವ ಕರೆಗಳನ್ನು ಬೇರೆ ಬೇರೆ ಕ್ರಮದಲ್ಲಿ, ಬೇರೆ ಬೇರೆ ಸ್ಥಿತಿಯಲ್ಲಿ ಮಾಡುತ್ತವೆ. ಅದನ್ನೊಂದು ಸಾಮಾನ್ಯ ಮಾದರಿಗೆ ಇಳಿಸುವ ಕರಡು ಬರೆದು ನೋಡಿದಾಗ, ಮೂರು ಪದರಗಳನ್ನು ಕೂಡಿಸಿದರೂ ಆ ಮಾದರಿಯಷ್ಟು ಕೋಡ್ ಆಗುತ್ತಿರಲಿಲ್ಲ. ಈಗ ಕೋರ್ ಸಸ್ಪೆಂಡ್ ವಿಷಯದಲ್ಲಿ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಎದ್ದಾಗ ಓಎಸ್ ಪದರ ಕೊನೆಯ ಸಂರಚನೆಯನ್ನು ಕೈಗೆ ಕೊಟ್ಟು ಆರಂಭದ ಹೆಜ್ಜೆಯಿಂದ ಕರೆಯುತ್ತದೆ, ರಿಜಿಸ್ಟರ್‌ಗಳೆಲ್ಲ ಅಳಿಸಿಹೋಗಿವೆ ಎಂದೇ ಭಾವಿಸಿ ಕೋರ್ ಕಾರ್ಡನ್ನು ಮೊದಲಿನಿಂದ ಸಿದ್ಧಪಡಿಸುತ್ತದೆ.